ಎಂಆರ್‌ಐ ಮಾಡಿಸಿದ್ರಾ? ಸಿಡಿ ಕೈಗೆ ಬರುವವರೆಗೆ ಆಸ್ಪತ್ರೆ ಬಿಡಬೇಡಿ

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿಕೊಂಡು, ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೆ ಹೊರಡುವವರು ಇದನ್ನು ಓದಿ.

ನಮ್ಮ ಮಾವನವರಿಗೆ ಬಿಡದ ತಲೆನೋವು. ಬಲಗೈ ಹಿಡಿತವೂ ಕಡಿಮೆಯಾಗಿತ್ತು. ನಮ್ಮ ಕಡೆಯ ದೊಡ್ಡ ಖಾಸಗಿ ಆಸ್ಪತ್ರೆಗೆ ಅಡ್ಮಿಟ್ ಮಾಡಿದೆವು. ಗೇಟಿನಲ್ಲೇ '3 ಟೆಸ್ಲಾ ಎಂಆರ್‌ಐ' ಅಂತ ದೊಡ್ಡ ಬೋರ್ಡು. (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಶಕ್ತಿಯ ಅಳತೆ. ಬೋರ್ಡಿಗೆ ಮರುಳಾಗಬೇಡಿ. 1.5 ಟೆಸ್ಲಾ ಯಂತ್ರದಲ್ಲೂ ಮೆದುಳಿನ ಸ್ಕ್ಯಾನ್ ಚೆನ್ನಾಗಿಯೇ ಬರುತ್ತದೆ.) ಗಡ್ಡೆ ಇರಬಹುದೆಂಬ ಅನುಮಾನದಿಂದ ಡಾಕ್ಟರು ಚೀಟಿಯಲ್ಲಿ ಕಾಂಟ್ರಾಸ್ಟ್ ಸ್ಕ್ಯಾನ್ (ರಕ್ತನಾಳಕ್ಕೆ ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್) ಅಂತಲೇ ಬರೆದಿದ್ದರು.

ಮಾಡಿದ್ದು ಮಾತ್ರ ಆ ಔಷಧಿ ಇಲ್ಲದ ಪ್ಲೇನ್ ಸ್ಕ್ಯಾನ್! ಕಾರಣ ಕೇಳಿದರೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಬಂದಿರಲಿಲ್ಲವಂತೆ. ಕಾಂಟ್ರಾಸ್ಟಿನಲ್ಲಿರುವ ಗ್ಯಾಡೋಲಿನಿಯಂ ಕಿಡ್ನಿ ಮೂಲಕವೇ ಹೊರಗೆ ಹೋಗಬೇಕು, ಹಾಗಾಗಿ ಮೊದಲು ಕಿಡ್ನಿ ನೋಡಿಕೊಳ್ಳುವುದು ಸರಿಯೇ. ಆದರೆ ಆ ರಕ್ತಪರೀಕ್ಷೆ ಅವರದೇ ಲ್ಯಾಬಿನಲ್ಲಿ ಆಗುತ್ತದೆ. ಸ್ವಲ್ಪ ಹೊತ್ತು ಕಾಯಬಹುದಿತ್ತು. ಕಾಯಲಿಲ್ಲ, ನಮಗೆ ಹೇಳಲೂ ಇಲ್ಲ. ರಿಪೋರ್ಟಿನ ಕೊನೆಯಲ್ಲಿ 'ಕಾಂಟ್ರಾಸ್ಟ್ ಸ್ಕ್ಯಾನ್ ಮಾಡಿಸಿ' ಅಂತ ನಮಗೇ ಸಲಹೆ. ಬಿಲ್ಲಿನಲ್ಲಿ ಕಾಂಟ್ರಾಸ್ಟಿನ ದುಡ್ಡು ಹಿಡಿದಾಗಿತ್ತು.

ಗಡ್ಡೆಯ ಅನುಮಾನ ಇದ್ದಾಗ ಕಾಂಟ್ರಾಸ್ಟ್ ಯಾಕೆ ಬೇಕು ಗೊತ್ತಾ? ಆರೋಗ್ಯವಾಗಿರುವ ಮೆದುಳಿನೊಳಕ್ಕೆ ಆ ಔಷಧಿ ರಕ್ತನಾಳದಿಂದ ಸೋರುವುದಿಲ್ಲ. ಗಡ್ಡೆ ಇರುವ ಕಡೆ ಸಾಮಾನ್ಯವಾಗಿ ಸೋರುತ್ತದೆ, ಆ ಭಾಗ ಬೆಳ್ಳಗೆ ಕಾಣುತ್ತದೆ. ಅದಿಲ್ಲದಿದ್ದರೆ ಗಡ್ಡೆ ಎಲ್ಲಿಗೆ ಮುಗಿಯಿತು, ಸುತ್ತಲಿನ ಬಾವು ಎಲ್ಲಿಂದ ಶುರು ಅಂತ ಹೇಳುವುದು ಕಷ್ಟ.

ನಿಮ್ಹಾನ್ಸ್‌ಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಮಾತು: "ಸಿಡಿ ಎಲ್ಲಿ?" ನಮ್ಮ ಹತ್ತಿರ ಇದ್ದದ್ದು ಎರಡು ಫಿಲ್ಮು, ಒಂದು ರಿಪೋರ್ಟು. ಯಂತ್ರ ತೆಗೆಯುವುದು ನೂರಾರು ಚಿತ್ರ. ಅದರಲ್ಲಿ ಕೆಲವನ್ನು ಆರಿಸಿ, ಚಿಕ್ಕದು ಮಾಡಿ ಫಿಲ್ಮಿನಲ್ಲಿ ಹಾಕಿರುತ್ತಾರೆ. ಸಿಡಿಯಲ್ಲಿ ಡೈಕಾಮ್ ಫೈಲ್ (ಯಂತ್ರ ತೆಗೆದ ಮೂಲ ಚಿತ್ರಗಳು) ಇದ್ದರೆ ಡಾಕ್ಟರು ಒಂದೊಂದೇ ಪದರ ಸರಿಸಿ, ಬೆಳಕು ಹೆಚ್ಚುಕಡಿಮೆ ಮಾಡಿ, ಗಡ್ಡೆಯ ಅಳತೆ ತೆಗೆದು ನೋಡಬಹುದು. ಮೊಬೈಲಿನಲ್ಲಿ ಫಿಲ್ಮಿನ ಫೋಟೋ ಹಿಡಿದು ವಾಟ್ಸಾಪ್ ಮಾಡಿದರೆ ಅದು ಯಾವುದೂ ಆಗುವುದಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆವು. "ಸರ್ವರ್ ತುಂಬಿತ್ತು ಸಾರ್, ಹಳೇದೆಲ್ಲ ಡಿಲೀಟ್ ಆಗಿದೆ" ಅಂದರು. ಸ್ಕ್ಯಾನ್ ಆಗಿ ತಿಂಗಳೂ ತುಂಬಿರಲಿಲ್ಲ! ಅಡ್ಮಿಟ್ ಆದ ರೋಗಿಯ ದಾಖಲೆಯನ್ನು ಡಾಕ್ಟರು 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ. ಅದನ್ನು ಹೇಳಿದ ಮೇಲೆ ಮಾತಿನ ಧಾಟಿ ಬದಲಾಯಿತು, ಚಿತ್ರ ಮಾತ್ರ ಸಿಗಲಿಲ್ಲ. ಇಡೀ ಸ್ಕ್ಯಾನ್ ಮತ್ತೆ ಮಾಡಿಸಬೇಕಾಯಿತು. ಆ ಸದ್ದಿನ ಕೊಳವೆಯೊಳಗೆ ಹಿರಿಯರನ್ನು ಮತ್ತೆ ಅಲ್ಲಾಡದೆ ಮಲಗಿಸುವುದು ಸುಮ್ನೆ ಮಾತಲ್ಲ.

ನೀವು ಹೋದಾಗ, ಒಳಗೆ ಕರೆಯುವ ಮೊದಲೇ ಟೆಕ್ನೀಷಿಯನ್‌ಗೆ ಚೀಟಿ ತೋರಿಸಿ, ಕಾಂಟ್ರಾಸ್ಟಾ ಪ್ಲೇನಾ ಅಂತ ಕೇಳಿ. ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲೇ ಇರಲಿ. ಸಿಡಿ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲೇ ಹಾಕಿಸಿ, ರೋಗಿಯ ಹೆಸರು, ತಾರೀಖು ಸರಿ ಇದೆಯಾ, ಚಿತ್ರಗಳು ತೆರೆಯುತ್ತವಾ ನೋಡಿ. ಖಾಲಿ ಸಿಡಿ ಕೊಟ್ಟು ಕಳಿಸಿದ ಕಥೆಯನ್ನೂ ಕೇಳಿದ್ದೇನೆ. "ಸಿಡಿ ಮುಗಿದಿದೆ" ಅಂದರೆ ಪೆನ್‌ಡ್ರೈವ್ ಕೊಡಿ. ಅದಕ್ಕೂ ಒಪ್ಪದಿದ್ದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.