ದೋಣಿ ಟ್ರೈಲರ್ ಹಲಗೆಗೆ ಪ್ಲಾಸ್ಟಿಕ್ ಹೊದಿಸುವ ಮುಂಚೆ ನಮ್ಮ ಕತೆ ಕೇಳಿ

ನಮ್ಮ ದೋಣಿ ನೀರಿಗೆ ಇಳಿಯುವ ಮುಂಚೆಯೇ ನೆಲಕ್ಕೆ ಇಳಿಯಿತು. ಹಿನ್ನೀರು ಇನ್ನೂ ಹದಿನೈದಿಪ್ಪತ್ತು ಅಡಿ ದೂರ ಇತ್ತು. ನಾನು ಕಾರನ್ನು ರಿವರ್ಸ್ ತರುತ್ತಾ ಸುಮ್ನೆ ಒಮ್ಮೆ ಬ್ರೇಕ್ ಒತ್ತಿದೆ, ಅಷ್ಟೆ. ಕನ್ನಡಿಯಲ್ಲಿ ನೋಡಿದರೆ ದೋಣಿ ತನ್ನ ಪಾಡಿಗೆ ತಾನು ಟ್ರೈಲರ್ ಬಿಟ್ಟು ಹೊರಟಿದೆ. ಹಿಂಭಾಗ ಕಲ್ಲಿಗೆ ಬಡಿಯಿತು, ಮೂತಿ ಆಕಾಶ ನೋಡುತ್ತಾ ನಿಂತಿತು. ದಡದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರರೊಬ್ಬರು ತಲೆ ಎತ್ತಿ, ‘ಏನ್ ಸ್ವಾಮಿ, ನೀರು ಇನ್ನೂ ಅಲ್ಲೈತೆ, ದೋಣಿ ಇಲ್ಲೇ ಇಳಿಸ್ಬುಟ್ರಲ್ಲಾ’ ಅಂದರು.

ಆಗ ನಗು ಬರಲಿಲ್ಲ. ಈಗ ಬರುತ್ತದೆ, ಖರ್ಚಿನ ಲೆಕ್ಕ ನೆನಪಾದರೆ ನಿಂತುಹೋಗುತ್ತದೆ. ಮೈಸೂರು, ಮಂಡ್ಯ ಕಡೆ ಟ್ರೈಲರ್ ಮೇಲೆ ದೋಣಿ ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಇರಬಹುದು. ಇದ್ದಷ್ಟು ಜನಕ್ಕಾದರೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು 14 ಅಡಿಯ ಫೈಬರ್ ದೋಣಿ, ಹಿಂದೆ 15 ಎಚ್‌ಪಿ ಎಂಜಿನ್. ನಾನು, ನನ್ನ ಭಾವಮೈದ, ಒಬ್ಬ ಗೆಳೆಯ, ಮೂವರ ಪಾಲು. ಇಲವಾಲದ ಹತ್ತಿರ ಒಂದು ಶೆಡ್‌ನಲ್ಲಿ ಇರುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕನ್ನಂಬಾಡಿ ಹಿನ್ನೀರಿಗೆ, ಮೀನಾಕ್ಷಿಪುರದ ಕಡೆ, ಅನುಮತಿ ಇರುವ ಜಾಗಕ್ಕೆ ಒಯ್ಯುತ್ತೇವೆ. ಟ್ರೈಲರ್ ಮೇಲೆ ಎರಡು ಉದ್ದನೆಯ ಹಲಗೆಗಳಿವೆ. ದೋಣಿಯ ತಳ ಕೂರುವುದು ಅವುಗಳ ಮೇಲೆ. ಬಂಕ್ ಅನ್ನುತ್ತಾರೆ. ರೈಲಿನ ಬಂಕ್ ಅಲ್ಲ ಮತ್ತೆ. ಹಲಗೆಗೆ ಕಾರ್ಪೆಟ್ ಸುತ್ತಿರುತ್ತಾರೆ, ತಳ ಗೀಚಬಾರದು ಅಂತ.

ಆ ಕಾರ್ಪೆಟ್ ಹರಿದು ಚಿಂದಿಯಾಗಿತ್ತು. ಒದ್ದೆಯಾದರೆ ವಾರಗಟ್ಟಲೆ ಒಣಗುತ್ತಿರಲಿಲ್ಲ, ಶೆಡ್ ಪೂರ್ತಿ ಹಳೆ ಗೋಣಿಚೀಲದ ವಾಸನೆ. ಹಿಂದಿನ ದೀಪ ಎರಡೂ ಸತ್ತಿದ್ದವು. ನಿಜ ಹೇಳಬೇಕೆಂದರೆ ನಮಗೆ ಬೇಕಾಗಿದ್ದದ್ದು ನಾಲ್ಕು ಮೀಟರ್ ಹೊಸ ಕಾರ್ಪೆಟ್, ಎರಡು ದೀಪ. ನಾಲ್ಕೈದು ಸಾವಿರದಲ್ಲಿ ಮುಗಿಯುತ್ತಿತ್ತು.

ಹೋದದ್ದು ಮೈಸೂರಿನ ಒಂದು ವರ್ಕ್‌ಶಾಪ್‌ಗೆ. ಹೆಸರು ಬೇಡ. ಟ್ರ್ಯಾಕ್ಟರ್ ಟ್ರೈಲರ್ ಮಾಡುವವರು. ವೆಲ್ಡಿಂಗ್ ನೋಡಿದರೆ ಮುತ್ತು ಪೋಣಿಸಿದ ಹಾಗಿತ್ತು, ಅದಕ್ಕೇ ಮರುಳಾದೆವು. ‘ಕಾರ್ಪೆಟ್ ಎಲ್ಲಾ ಹಳೇದು ಸಾರ್, ಈಗ ಎಲ್ಲರೂ ಎಚ್‌ಡಿಪಿಇ ಅಂತ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಹಾಕಿಸ್ತಾರೆ, ನೀರು ಕುಡಿಯಲ್ಲ, ದೋಣಿ ಬೆಣ್ಣೆ ಥರ ಜಾರುತ್ತೆ’ ಅಂದರು. ಜೊತೆಗೆ ಹಲಗೆಯ ಉದ್ದಕ್ಕೂ ನೀಲಿ ಎಲ್‌ಇಡಿ. ಒಟ್ಟು 26,000 ರೂಪಾಯಿ. ಬೆಣ್ಣೆ ಥರ ಅನ್ನುವುದನ್ನು ನಾವು ಹೊಗಳಿಕೆ ಅಂದುಕೊಂಡೆವು. ಅದು ಎಚ್ಚರಿಕೆ ಆಗಿತ್ತು.

ಕಾರ್ಪೆಟ್ ಹಲಗೆಯ ಮೇಲೆ ದೋಣಿ ಕಚ್ಚಿಕೊಂಡು ಕೂರುತ್ತದೆ. ಹಿಂಭಾಗ ತೇಲುವವರೆಗೂ ಮೂವರು ಸೇರಿ ತಳ್ಳಿದರೂ ಮಿಸುಕುತ್ತಿರಲಿಲ್ಲ. ಹಾಗಾಗಿ ನಮಗೆ ಒಂದು ಕೆಟ್ಟ ಅಭ್ಯಾಸ ಬಿದ್ದಿತ್ತು. ಇಳಿಜಾರಿನ ಮೇಲ್ಗಡೆಯೇ ಸರಪಳಿ, ಹಿಂದಿನ ಕಟ್ಟು, ವಿಂಚಿನ (ದೋಣಿಯ ಮೂತಿಯನ್ನು ಎಳೆದು ಹಿಡಿಯುವ, ಕೈಯಲ್ಲಿ ತಿರುಗಿಸುವ ರಾಟೆಯ) ಬೆಲ್ಟ್ ಕೊಕ್ಕೆ ಎಲ್ಲ ಬಿಚ್ಚಿಬಿಡುವುದು, ಆಮೇಲೆ ರಿವರ್ಸ್ ಹೋಗುವುದು. ಯಾರೂ ಪ್ಯಾಂಟ್ ಒದ್ದೆ ಮಾಡಿಕೊಳ್ಳಬೇಕಾಗಿರಲಿಲ್ಲ ನೋಡಿ. ಐದು ವರ್ಷ ಹಾಗೇ ಮಾಡಿದ್ದೇವೆ, ಏನೂ ಆಗಿರಲಿಲ್ಲ.

ಪ್ಲಾಸ್ಟಿಕ್ ಪಟ್ಟಿಗೆ ಆ ಹಿಡಿತ ಇಲ್ಲ. ಅದನ್ನು ಮಾಡಿರುವುದೇ ಜಾರಲಿ ಅಂತ. ಒಣಗಿದ್ದಾಗಲೇ ಜಾರುತ್ತದೆ, ನೀರು ಬಿದ್ದರೆ ಕೇಳಲೇಬೇಡಿ. ದೋಣಿಯನ್ನು ಹಿಡಿದು ನಿಲ್ಲಿಸುವುದು ಮುಂದಿನ ಬೆಲ್ಟ್ ಮತ್ತು ಸರಪಳಿ, ಹಿಂದಿನ ಕಟ್ಟು, ಇಷ್ಟೇ. ಇವು ಬಿಚ್ಚಿದರೆ ಇಳಿಜಾರಿನಲ್ಲಿ ದೋಣಿ ಟ್ರೈಲರ್ ಮೇಲೆ ಸುಮ್ಮನೆ ನಿಂತಿರುವ ಅತಿಥಿ. ಇದನ್ನು ವರ್ಕ್‌ಶಾಪಿನವರು ಹೇಳಲಿಲ್ಲ. ಅವರು ಮಾಡಿ ಅಭ್ಯಾಸ ಇರುವ ಟ್ರೈಲರ್‌ಗಳು ಕಬ್ಬು, ಇಟ್ಟಿಗೆ ಹೊರುವಂಥವು. ನೀರಿನೊಳಗೆ ಹೋಗಿ ಸರಕನ್ನು ಬಿಟ್ಟುಬರುವ ಟ್ರೈಲರ್ ಅವರಿಗೂ ಹೊಸದು.

ತಮಾಷೆ ಏನು ಗೊತ್ತಾ? ಪಟ್ಟಿ ಹಾಕಿಸಿದ ಮೇಲೆ ಮೊದಲ ಸಲ ಹೋದಾಗ ದೋಣಿಗೆ ಏನೂ ಆಗಲಿಲ್ಲ. ಅವತ್ತು ಭಾವಮೈದ ಕೊಕ್ಕೆ ಬಿಚ್ಚುವುದನ್ನು ಮರೆತಿದ್ದ. ನೀರಿಗೆ ಹೋದ ಮೇಲೆ ನೆನಪಾಗಿ ಬಿಚ್ಚಿದ. ‘ನಿನಗೆ ಎಷ್ಟು ಸಲ ಹೇಳಬೇಕು’ ಅಂತ ಬೈದಿದ್ದೆ. ಎರಡನೇ ಸಲ ಪಾಪ ನೆನಪಿಟ್ಟುಕೊಂಡು ಮೊದಲೇ ಬಿಚ್ಚಿದ. ಅದು ಮಾರ್ಚ್ ಕೊನೆ. ಕಟ್ಟೆ ತುಂಬಿದರೆ 124.80 ಅಡಿ. ಅಲ್ಲಿಂದ ನೀರು ಇಳಿಯುತ್ತಾ ಹೋದ ಹಾಗೆ ದಡ ಹಿಂದೆ ಸರಿಯುತ್ತದೆ, ನಾವು ದೋಣಿ ಇಳಿಸುವ ಜಾಗವೂ ಬದಲಾಗುತ್ತದೆ. ಅವತ್ತು ಸಿಕ್ಕಿದ್ದು ಕಲ್ಲು ಮಣ್ಣಿನ ಕಡಿದಾದ ಇಳಿಜಾರು. ಮುಂದಿನದು ನಿಮಗೆ ಗೊತ್ತು.

ಬಲೆ ಬಿಡಿಸುತ್ತಿದ್ದ ಯಜಮಾನರೇ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಎಂಜಿನ್ ಸೇರಿ ದೋಣಿ ಇನ್ನೂರು ಕಿಲೋ ಮೇಲಿದೆ. ಮೂತಿ ಎತ್ತಿ ಟ್ರೈಲರ್‌ಗೆ ತಾಗಿಸಿ ವಿಂಚ್ ತಿರುಗಿಸಿದರೆ ಸರ್ರನೆ ಮೇಲೆ ಬಂತು. ಆ ಪ್ಲಾಸ್ಟಿಕ್ ಮಾಡಿದ ಒಂದೇ ಉಪಕಾರ ಅದು. ಎಂಜಿನ್ ಮೇಲೆ ಮಡಚಿ ಲಾಕ್ ಮಾಡಿದ್ದರಿಂದ ಪ್ರೊಪೆಲ್ಲರ್ ಉಳಿಯಿತು. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಒಂದು ಗೇಣು ಬಿರುಕು.

ರಿಪೇರಿಗೆ ಅಂತ ಶೆಡ್‌ನಲ್ಲಿ ದೋಣಿ ಮಗುಚಿದಾಗ ಇನ್ನೊಂದು ಕತೆ ತೆರೆಯಿತು. ತಳದಲ್ಲಿ ಉದ್ದಕ್ಕೆ ಎರಡು ಗೆರೆ, ಉಗುರಿನಲ್ಲಿ ಪರಚಿದ ಹಾಗೆ. ಪಟ್ಟಿಯ ಸ್ಕ್ರೂಗಳ ತಲೆ ಹೊರಗೆ ಚಾಚಿಕೊಂಡಿದ್ದವು. ಹಾಕಿದಾಗ ಒಳಗೇ ಇದ್ದವು, ನಾನೇ ಕೈ ಸವರಿ ನೋಡಿದ್ದೆ. ಹೇಗೆ ಎದ್ದವು ಅಂತ ತಲೆ ಕೆಡಿಸಿಕೊಂಡ ಮೇಲೆ ಅರ್ಥವಾಯಿತು. ಈ ಪ್ಲಾಸ್ಟಿಕ್ ಬಿಸಿಲಿಗೆ ತುಂಬಾ ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಪಟ್ಟಿ, ಮೂವತ್ತು ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದವಾಗುತ್ತದೆ. ಕಪ್ಪು ಪಟ್ಟಿ ಮೈಸೂರಿನ ಬೇಸಿಗೆ ಬಿಸಿಲಿನಲ್ಲಿ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ತೂತನ್ನು ಸ್ವಲ್ಪ ಉದ್ದಕ್ಕೆ ಕೊರೆದು, ಸ್ಕ್ರೂ ತಲೆ ಆಳಕ್ಕೆ ಕೂರುವ ಹಾಗೆ ಗುಳಿ ಮಾಡಿದ್ದರೆ ಪಟ್ಟಿ ಹಿಗ್ಗಿ ಕುಗ್ಗಿ ಮಾಡಿಕೊಳ್ಳುತ್ತಿತ್ತು. ಇವರು ಬಾಗಿಲಿಗೆ ತಗಡು ಹೊಡೆದ ಹಾಗೆ ಬಿಗಿದಿದ್ದರು. ಹಿಗ್ಗಲು ಜಾಗ ಇಲ್ಲದೆ ಪಟ್ಟಿ ನಡುನಡುವೆ ಉಬ್ಬಿತು, ಸ್ಕ್ರೂಗಳನ್ನೂ ಎಳೆದುಕೊಂಡು ಎದ್ದಿತು. ಫೈಬರ್ ದೋಣಿಯ ಮೇಲಿನ ಹೊಳಪಿನ ಪದರ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಇರುತ್ತದೆ, ಅಷ್ಟೆ. ಅದು ಕಿತ್ತುಹೋದರೆ ನೀರು ಒಳಗಿನ ಫೈಬರ್‌ಗೆ ಇಳಿಯಲು ಶುರು.

ಬಿಲ್ಲಿನಲ್ಲಿ ‘316 ಸ್ಟೇನ್‌ಲೆಸ್ ಸ್ಕ್ರೂ’ ಅಂತ ಬರೆದಿತ್ತು. ಫ್ರಿಜ್ ಬಾಗಿಲಿನ ಅಯಸ್ಕಾಂತ ತಂದು ಹಿಡಿದೆ, ಟಪ್ಪಂತ ಅಂಟಿತು. 304, 316 ಅನ್ನುವುದು ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಗಳು, ಅಯಸ್ಕಾಂತವನ್ನು ಎರಡೂ ಅಷ್ಟು ಬಲವಾಗಿ ಎಳೆಯುವುದಿಲ್ಲ. ಇದು ಮಾಮೂಲಿ ಲೇಪದ ಕಬ್ಬಿಣ, ಆಗಲೇ ತುಕ್ಕು ಹಿಡಿದಿತ್ತು. ಅಂದಹಾಗೆ ಹಿನ್ನೀರು ಸಿಹಿನೀರು, ನಮಗೆ 304 ಧಾರಾಳ ಸಾಕು. 316 ಬೇಕಾಗುವುದು ಸಮುದ್ರದ ಉಪ್ಪುನೀರಿರುವ ಮಂಗಳೂರಿನವರಿಗೆ.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಹಲಗೆ ವಿಷಯಕ್ಕೆ. ಹಳೆಯವು ತೇಗದ ಹಲಗೆ. ಪಟ್ಟಿ ಕೂರಿಸುವ ನೆಪದಲ್ಲಿ ಅವನ್ನು ತೆಗೆದು ಪ್ಲೈವುಡ್ ಹಾಕಿದ್ದರು. ನೀರು ತಡೆಯುವ ಮರೈನ್ ಪ್ಲೈ ಅಂದಿದ್ದರು. ಮರೈನ್ ಪ್ಲೈಗೆ ಐಎಸ್ 710 ಮುದ್ರೆ ಇರಬೇಕು. ಇದರ ಮೇಲೆ ಇದ್ದದ್ದು ಐಎಸ್ 303, ಮನೆಯೊಳಗಿನ ಬೀರು ಮಾಡುವ ಎಂಆರ್ ದರ್ಜೆ. ಸ್ಕ್ರೂ ತೂತಿನಿಂದ ನೀರು ಇಳಿದು ಪದರ ಪದರವಾಗಿ ಬಿಟ್ಟುಕೊಂಡಿತ್ತು, ಒಳ್ಳೆ ಚಿರೋಟಿ ಥರ. ನನ್ನ ತೇಗ ಎಲ್ಲಿ ಅಂದರೆ ‘ಅದು ಸೌದೆಗೆ ಹೋಯ್ತು ಸಾರ್’ ಅಂದರು. ತೇಗವನ್ನು ಯಾರಾದರೂ ಸೌದೆಗೆ ಹಾಕುತ್ತಾರಾ?

ದೀಪದ ಕತೆ ಇದಕ್ಕೂ ಮುಂಚಿನದು, ಆ ಮೊದಲ ಸಲದ್ದೇ. ಹೋಗುವಾಗ ನೀಲಿ ಬೆಳಕು ಹಾಕಿಕೊಂಡು ದಸರಾ ಸ್ತಬ್ಧಚಿತ್ರದ ಹಾಗೆ ಹೋದೆವು. ಇಲವಾಲದ ಟೀ ಅಂಗಡಿಯಲ್ಲಿ ಒಬ್ಬರು ಯಾವ ಊರ ಹಬ್ಬ ಅಂತ ಕೇಳಿದರು. ವಾಪಸ್ ಬರುವಾಗ ಸಂಜೆ ಏಳು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಟ್ರೈಲರಿನ ಹಿಂದಿನ ಕೆಂಪು ದೀಪಗಳೂ ಅದರ ಜೊತೆ ಮಿಣಮಿಣ ಅನ್ನುತ್ತಿದ್ದವು. ಹೀಗೆ ಆದರೆ ಅರ್ತಿಂಗ್ ಸರಿ ಇಲ್ಲ ಅಂತಲೇ ಲೆಕ್ಕ. ಅರ್ತಿಂಗ್‌ಗೆ ಬೇರೆ ವೈರ್ ಎಳೆದಿರಲಿಲ್ಲ, ಕಾರು ಟ್ರೈಲರ್ ಸೇರುವ ಗುಂಡಿನ ಮೂಲಕವೇ ಕರೆಂಟ್ ವಾಪಸ್ ಹೋಗಲಿ ಅಂತ ಬಿಟ್ಟಿದ್ದರು. ಆ ಗುಂಡಿಗೆ ನಾವು ಗ್ರೀಸ್ ಬಳಿಯುತ್ತೇವೆ, ಅದು ಕರೆಂಟಿಗೆ ಅಡ್ಡಿ. ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಯಿತು. ಟ್ರೈಲರ್ ವೈರನ್ನು ಕಾರಿನ ಹಿಂದಿನ ದೀಪದ ವೈರಿಗೇ ತಿರುಚಿದ್ದರು, ಹಾಗಾಗಿ ಕಾರಿನ ಹಿಂದಿನ ದೀಪವೂ ಸತ್ತಿತು.

ಮಂಡ್ಯ ಕಡೆ ಓಡಾಡಿದವರಿಗೆ ಗೊತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಒಂದೂ ದೀಪ ಇಲ್ಲದೆ ಕತ್ತಲಲ್ಲಿ ಹೋಗುತ್ತಿರುತ್ತದೆ, ಹತ್ತಿರ ಬಂದಾಗ ಎದೆ ಧಸಕ್ಕೆನ್ನುತ್ತದೆ. ಎಷ್ಟು ಬೈದಿದ್ದೇನೋ ಅವರನ್ನು. ಅವತ್ತು ಹುಣಸೂರು ರಸ್ತೆಯಲ್ಲಿ ನಾವೇ ಆ ಟ್ರ್ಯಾಕ್ಟರ್. ಗೆಳೆಯ ಬೈಕ್ ತಂದಿದ್ದ, ಅವನನ್ನು ಹಿಂದೆ ಇಟ್ಟುಕೊಂಡು ಇಪ್ಪತ್ತರ ವೇಗದಲ್ಲಿ ಶೆಡ್ ಸೇರಿದೆವು.

ಮಾರನೇ ದಿನ ಬಿಚ್ಚಿ ನೋಡಿದರೆ ಎಲ್‌ಇಡಿ ಪಟ್ಟಿಯೊಳಗೆ ನೀರು. ಅದರ ಮೇಲೆ ಐಪಿ65 ಅಂತಿತ್ತು, ಧೂಳು ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು ಅದು. ಕೊನೆಯ ಅಂಕಿ 5 ಅಂದರೆ ಪೈಪಿನಲ್ಲಿ ನೀರು ಚಿಮ್ಮಿದರೆ ತಡೆಯುತ್ತದೆ, ಮುಳುಗಿಸಿದರೆ ಅಲ್ಲ. 7 ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬೇಕು. ದೋಣಿ ಟ್ರೈಲರ್‌ಗೆ ಅದಕ್ಕಿಂತ ಕಡಿಮೆ ತಗೊಳ್ಳಬೇಡಿ. ವೈರ್ ಜೋಡಣೆಗಳೆಲ್ಲ ತಿರುಚಿ ಕಪ್ಪು ಟೇಪ್ ಸುತ್ತಿದ್ದವು. ಒಳಗಿನ ತಾಮ್ರ ಹಸಿರಾಗಿತ್ತು.

ಹಲಗೆಯ ಹತ್ತಿರ ದೀಪ ಇರುವುದು ತಪ್ಪಲ್ಲ. ಮುಸ್ಸಂಜೆಯಲ್ಲಿ ದೋಣಿ ವಾಪಸ್ ಏರಿಸುವಾಗ ನೀರಿನೊಳಗೆ ಹಲಗೆ ಎಲ್ಲಿದೆ ಅಂತ ಕಾಣಿಸಿದರೆ ಬಹಳ ಅನುಕೂಲ. ಈಗ ನಾವು ಟ್ರೈಲರಿನ ಹಿಂದಿನ ಎರಡು ಮೂಲೆಯಲ್ಲಿ ಎದೆಯೆತ್ತರದ ಪೈಪ್ ನಿಲ್ಲಿಸಿ, ಕೆಂಪು ದೀಪ, ಇಂಡಿಕೇಟರ್ ಎಲ್ಲ ಅದರ ತುದಿಗೆ ಹಾಕಿಸಿದ್ದೇವೆ. ಅವು ನೀರಿಗೆ ಇಳಿಯುವುದೇ ಇಲ್ಲ, ದೋಣಿ ಏರಿಸುವಾಗ ಗುರುತಿಗೂ ಆಗುತ್ತದೆ. ಪ್ರತಿ ದೀಪದಿಂದ ಪ್ಲಗ್‌ವರೆಗೆ ಅರ್ತಿಂಗ್ ವೈರ್ ಬೇರೆ, ಟ್ರೈಲರ್‌ಗೆ ಫ್ಯೂಸ್ ಬೇರೆ. ನೀರಿಗೆ ಇಳಿಸುವ ಮುಂಚೆ ಪ್ಲಗ್ ಕೀಳುತ್ತೇವೆ. ಹಿಂದೆ ಅಡ್ಡಪಟ್ಟಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದ್ದೇವೆ. ಕರೆಂಟ್ ಕೈಕೊಟ್ಟರೂ ಅದು ಹೊಳೆಯುತ್ತದೆ.

ಹಲಗೆಗೆ ಮತ್ತೆ ಕಾರ್ಪೆಟ್ಟೇ ಬಂತು, ಕೆಳಗೆ ಮರದ ಹಲಗೆ. ಪ್ಲಾಸ್ಟಿಕ್ ಪಟ್ಟಿ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ದೋಣಿ ಭಾರ ಇದ್ದು, ಇಳಿಜಾರು ತೀರಾ ಚಪ್ಪಟೆಯಾಗಿ, ಟ್ರೈಲರನ್ನು ಆಳಕ್ಕೆ ಒಯ್ಯಲು ಆಗದಿದ್ದರೆ ಅದು ಒಳ್ಳೆಯದೇ. ನಮ್ಮಂಥ ಹಗುರ ದೋಣಿಗೆ, ಕಡಿದಾದ ದಡಕ್ಕೆ ಬೇಕಿರಲಿಲ್ಲ. ಹಾಕಿಸಿಯೇ ತೀರುತ್ತೇವೆ ಅಂದರೆ ಹಿಂಭಾಗ ನೀರಿನಲ್ಲಿ ತೇಲುವವರೆಗೂ ಮುಂದಿನ ಬೆಲ್ಟ್, ಸರಪಳಿ ಎರಡನ್ನೂ ಮುಟ್ಟಬೇಡಿ. ಪ್ಯಾಂಟ್ ಒದ್ದೆಯಾದರೆ ಆಗಲಿ. ಇನ್ನೊಂದು ಮಾತು, ಅಲ್ಯೂಮಿನಿಯಂ ದೋಣಿ ಇರುವವರು ತಾಮ್ರದ ಔಷಧಿ ಹಾಕಿ ಹದ ಮಾಡಿದ ಮರವನ್ನು ತಳಕ್ಕೆ ತಾಗಿಸಬೇಡಿ, ತೇವಕ್ಕೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಬಿರುಕು, ಗೀರು ಸರಿ ಮಾಡಿಸಲು 14,000 ಆಯಿತು. ವರ್ಕ್‌ಶಾಪಿಗೆ ಅಯಸ್ಕಾಂತ ಹಿಡಿದುಕೊಂಡೇ ಹೋದೆ. ಸ್ಕ್ರೂ ಬಾಬ್ತು ಅಂತ 1,500 ವಾಪಸ್ ಕೊಟ್ಟರು. ಕಾಫಿ ಕೂಡ ಕೊಟ್ಟರು. ತೇಗದ ಮಾತು ಎತ್ತಿದರೆ ಫೋನ್ ಬಂದಂತೆ ಎದ್ದು ಹೋದರು.

ಬಿಚ್ಚಿದ ಪ್ಲಾಸ್ಟಿಕ್ ಪಟ್ಟಿಗಳು ಶೆಡ್ ಮೂಲೆಯಲ್ಲಿ ಬಿದ್ದಿದ್ದವು. ಹೋದ ತಿಂಗಳು ದಡಕ್ಕೆ ಹೋದಾಗ ಆ ಬಲೆಯ ಯಜಮಾನರು ಅದರ ಬಗ್ಗೆ ವಿಚಾರಿಸಿದರು. ಕೊಟ್ಟೆವು. ದಡದ ಇಳಿಜಾರಿನಲ್ಲಿ ಎರಡನ್ನೂ ಉದ್ದಕ್ಕೆ ಹಾಸಿಕೊಂಡಿದ್ದಾರೆ. ಮುಂಚೆ ಇಬ್ಬರು ಸೇರಿ ಎಳೆಯುತ್ತಿದ್ದ ತೆಪ್ಪವನ್ನು ಈಗ ಅವರೊಬ್ಬರೇ ಒಂದು ಕೈಯಲ್ಲಿ ಎಳೆದು ಮೇಲೆ ತರುತ್ತಾರೆ.