ಹಾಫ್ ಇಂಜಿನ್, ಸೆಕೆಂಡ್ ಹ್ಯಾಂಡ್ ಇಂಜಿನ್, ಫುಲ್ ಇಂಜಿನ್: ಮೂರಕ್ಕೂ ದುಡ್ಡು ಸುರಿದವನ ಲೆಕ್ಕ

ಇಂಜಿನ್ ಕೆಲಸಕ್ಕೆ ಅಂತ ನಾನು ಮೂರು ಸಲ ದುಡ್ಡು ಹೊಂದಿಸಿದ್ದೇನೆ. ಮೂರು ಸಲವೂ ಅಂದಾಜು ತಪ್ಪಿದೆ. ಮೊದಲು, ಆಯಿಲ್ ಸುಟ್ಟು ನೀಲಿ ಹೊಗೆ ಬಿಡುತ್ತಿದ್ದ ನನ್ನ ಪೆಟ್ರೋಲ್ ಕಾರಿಗೆ ಹಾಫ್ ಇಂಜಿನ್ ಮಾಡಿಸಿದೆ. ಅಂದರೆ ಬ್ಲಾಕನ್ನು (ಸಿಲಿಂಡರುಗಳಿರುವ ಇಂಜಿನ್ನಿನ ಒಡಲು) ಕಾರಿನಲ್ಲೇ ಬಿಟ್ಟು, ಅದರ ಮೇಲಿನ ಮುಚ್ಚಳದಂಥ ಹೆಡ್ ಮತ್ತು ಕೆಳಗಿನ ಆಯಿಲ್ ತೊಟ್ಟಿಯಾದ ಸಂಪ್ ಬಿಚ್ಚಿ, ಪಿಸ್ಟನ್ ಸುತ್ತಲಿನ ರಿಂಗ್, ಬಿಗ್ ಎಂಡ್ ಬೇರಿಂಗ್, ಗ್ಯಾಸ್ಕೆಟ್ ಬದಲಾಯಿಸುವ ಕೆಲಸ. ಆಮೇಲೆ ಅಣ್ಣನ ಕಾರಿಗೆ ಇಬ್ಬರೂ ಸೇರಿ ಸೆಕೆಂಡ್ ಹ್ಯಾಂಡ್ ಇಂಜಿನ್ ಹುಡುಕಿ ಕೂರಿಸಿದೆವು. ಕೊನೆಗೆ ಮತ್ತೆ ನನ್ನದೇ ಕಾರಿಗೆ ಫುಲ್ ಇಂಜಿನ್, ಅಂದರೆ ಇಂಜಿನ್ ಪೂರ್ತಿ ಇಳಿಸಿ ಬಿಚ್ಚಿ, ಸಿಲಿಂಡರಿನ ಒಳಗೋಡೆ ಕೊರೆಸಿ (ಬೋರಿಂಗ್), ಪಿಸ್ಟನ್ ಕೂಡ ಬದಲಾಯಿಸುವ ಕೆಲಸ.

ಖರ್ಚು ಕಾರಿನಿಂದ ಕಾರಿಗೆ ಬೇರೆ. ಅದಕ್ಕೇ ಫುಲ್ ಇಂಜಿನ್‌ಗೆ ಕೊನೆಗೆ ಬಿದ್ದ ಮೊತ್ತವನ್ನು 100 ಅಂತ ಇಟ್ಟುಕೊಳ್ಳುತ್ತೇನೆ. ಆ ಲೆಕ್ಕದಲ್ಲಿ ಹಾಫ್ ಇಂಜಿನ್‌ಗೆ 30 ಅಂದುಕೊಂಡಿದ್ದೆ, 38 ಆಯಿತು. ಸೆಕೆಂಡ್ ಹ್ಯಾಂಡ್ ಇಂಜಿನ್‌ಗೆ 50 ಅಂದುಕೊಂಡದ್ದು 71ಕ್ಕೆ ಹೋಯಿತು. ಫುಲ್ ಇಂಜಿನ್‌ನ ಅಂದಾಜು 75 ಇತ್ತು, 100ಕ್ಕೆ ಬಂದು ನಿಂತಿತು.

ಬರೀ ಈ ಅಂಕಿ ನೋಡಿದರೆ ಹಾಫ್ ಇಂಜಿನ್ನೇ ಅಗ್ಗ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಹೆಡ್ ಬಿಚ್ಚಿದ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಸಿಲಿಂಡರಿನ ಒಳಗೋಡೆಯ ಮೇಲೆ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದೆ. ಬಾಯಿಯ ಹತ್ತಿರ ಟಕ್ ಅಂತ ಸಿಕ್ಕಿಕೊಂಡಿತು. ರಿಂಗ್ ಓಡಾಡುವ ಜಾಗ ಸವೆದು, ಅದು ಮುಟ್ಟದ ಮೇಲಿನ ಅಂಚು ಹಾಗೇ ಉಳಿದು, ನಡುವೆ ಸಣ್ಣ ಮೆಟ್ಟಿಲಾಗಿತ್ತು. ಮೆಕ್ಯಾನಿಕ್‌ಗೆ ತೋರಿಸಿದೆ. 'ಅಷ್ಟು ಇದ್ದೇ ಇರುತ್ತೆ ಸರ್' ಅಂದರು. ಹೊಸ ರಿಂಗ್ ಕೂರಲಿ ಅಂತ ಹೋನಿಂಗ್ ಕಲ್ಲಿನಿಂದ ಉಜ್ಜಿ ಒಳಗೋಡೆಯಲ್ಲಿ ಸಣ್ಣ ಗೀರು ಮೂಡಿಸಿದರು, ಹೊಸ ರಿಂಗ್ ಹಾಕಿದರು. ಬೋರ್ (ಸಿಲಿಂಡರಿನ ಒಳರಂಧ್ರ) ಎಷ್ಟು ಸವೆದಿದೆ ಅಂತ ಗೇಜ್ ಇಟ್ಟು ಅಳೆಯಲಿಲ್ಲ. ನಾನೂ ಕೇಳಲಿಲ್ಲ.

ಸವೆದ ಬೋರ್ ಸರಿಯಾದ ದುಂಡಗೆ ಇರುವುದಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ರಿಂಗ್ ದುಂಡಗೆ. ಹೊಸದಾದರೂ ಅದು ಎಲ್ಲ ಕಡೆ ಒತ್ತಿ ಕೂರುವುದು ಹೇಗೆ? ಅಂದಾಜಿನ ಮೇಲೆ ಬಿದ್ದ ಹೆಚ್ಚುವರಿ 8 ಹೆಡ್ ಫೇಸಿಂಗ್ (ಹೆಡ್ಡಿನ ಅಡಿಯನ್ನು ಸಮತಟ್ಟು ಮಾಡುವುದು), ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವುದು), ಆಯಿಲ್‌ಗೆ ಹೋಯಿತು. ಅದರ ಬಗ್ಗೆ ಬೇಜಾರಿಲ್ಲ. ಕೈ ಕಚ್ಚಿದ್ದು ಬೇರೆ. 14,000 ಕಿಲೋಮೀಟರ್ ಆಗುವಷ್ಟರಲ್ಲಿ ನೀಲಿ ಹೊಗೆ ವಾಪಸ್ ಬಂತು. ಆ 38 ಪೂರ್ತಿ ಹೋಯಿತು. ಹಾಗೆ ನೋಡಿದರೆ ನನ್ನ ಕಾರಿನ ನಿಜವಾದ ಖರ್ಚು 100 ಅಲ್ಲ, 138.

ಹಾಗಂತ ಹಾಫ್ ಇಂಜಿನ್ ಯಾರೂ ಮಾಡಿಸಲೇಬಾರದು ಅಂತಲ್ಲ. ಬೋರ್ ಅಳತೆ ಕಂಪನಿ ಹೇಳಿದ ಮಿತಿಯೊಳಗೇ ಇದ್ದು, ರಿಂಗ್ ಮಾತ್ರ ಕಾರ್ಬನ್ ಕಟ್ಟಿ ಸಿಕ್ಕಿಕೊಂಡಿದ್ದರೆ ಅದು ಒಳ್ಳೆಯ ಆಯ್ಕೆಯೇ. ಇನ್ನೂ ಒಂದು ಮಾತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಉಸಿರು ನೀಲಿ ಹೊಗೆ ಬಂದು ಆಮೇಲೆ ನಿಂತುಹೋಗುತ್ತದೆ ಅಂದರೆ ಮೊದಲು ವಾಲ್ವ್ ಸೀಲ್ ಮೇಲೆ ಅನುಮಾನ ಪಡಿ. ನನ್ನ ಸ್ನೇಹಿತರೊಬ್ಬರು ಇಂಜಿನ್ ಇಳಿಸುವ ಮಾತಿಗೆ ಒಪ್ಪಿಯೂ ಬಿಟ್ಟಿದ್ದರು. ಸೀಲ್ ಬದಲಾಯಿಸಿದ್ದಷ್ಟೇ, ಇವತ್ತಿಗೂ ಓಡಿಸುತ್ತಿದ್ದಾರೆ.

ಅಣ್ಣನ ಕಾರಿನದು ಬೇರೆ ಕಥೆ. ಆಯಿಲ್ ಖಾಲಿಯಾದರೂ ಗೊತ್ತಾಗದೆ ಓಡಿಸಿ ಬೇರಿಂಗ್ ಸುಟ್ಟುಹೋಗಿತ್ತು, ಪಿಸ್ಟನ್ ಹಿಡಿದಿರುವ ಒಂದು ಕನೆಕ್ಟಿಂಗ್ ರಾಡ್ ಬ್ಲಾಕನ್ನೇ ಒಡೆದು ಹೊರಗೆ ಇಣುಕುತ್ತಿತ್ತು. ಅಂಥ ಬ್ಲಾಕನ್ನು ಬೋರ್ ಮಾಡಿಸಿ ಏನು ಪ್ರಯೋಜನ? ಆಕ್ಸಿಡೆಂಟ್ ಆದ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಇಂಜಿನ್ ಸಿಕ್ಕಿತು. ಆಯಿಲ್ ಮುಚ್ಚಳ ತೆಗೆದು ನೋಡಿದೆವು, ಆಯಿಲ್‌ಗೆ ನೀರು ಸೇರಿದರೆ ಕಾಣುವ ಮೊಸರಿನಂಥ ಬಿಳಿ ಕೆಸರು ಇರಲಿಲ್ಲ. ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಕೈಯಲ್ಲೇ ತಿರುಗಿಸಿದರೆ ಎಲ್ಲೂ ಹಿಡಿಯದೆ ತಿರುಗಿತು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಹೆಚ್ಚುಕಮ್ಮಿ ಒಂದೇ ಸಮ ಬಂತು. ಇಂಜಿನ್‌ಗೆ 40, ಕೂರಿಸುವ ಕೂಲಿ 10.

ಆಮೇಲಿನ 21 ಎಲ್ಲಿಂದ ಬಂತು? ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್‌ಗೆ 6. ಆಯಿಲ್, ಫಿಲ್ಟರ್, ಕೂಲಂಟ್‌ಗೆ 4. ಹರಿದಿದ್ದ ಇಂಜಿನ್ ಮೌಂಟ್‌ಗೆ 3. ಇವೆಲ್ಲ ನ್ಯಾಯವಾದ ಖರ್ಚೇ. ಹೊಟ್ಟೆ ಉರಿದದ್ದು ಉಳಿದ 8ಕ್ಕೆ. ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಒಂದು ಸಣ್ಣ ರಬ್ಬರ್ ಬಳೆ, ಬೆಲೆ ಏನೇನೂ ಅಲ್ಲ. ಇಂಜಿನ್ ನೆಲದ ಮೇಲಿದ್ದಾಗ ಹತ್ತು ನಿಮಿಷದ ಕೆಲಸ. 'ಒಣಗೇ ಇದೆ, ಸುಮ್ನೆ ಯಾಕೆ' ಅಂತ ಬಿಟ್ಟೆವು. ವಾರದೊಳಗೆ ಕಾರಿನ ಕೆಳಗೆ ಆಯಿಲ್ ಹನಿ. ಆ ಬಳೆಗಾಗಿ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಕೂಲಿ ಎರಡನೇ ಸಲ ದಂಡ.

ಸೆಕೆಂಡ್ ಹ್ಯಾಂಡ್ ಇಂಜಿನ್‌ನ ನಿಜವಾದ ಲಾಭ ಸಮಯ. ಐದು ದಿನಕ್ಕೆ ಕಾರು ರಸ್ತೆಗೆ ಬಂತು. ನನ್ನ ಫುಲ್ ಇಂಜಿನ್‌ಗೆ ಏಳು ವಾರ ಹಿಡಿಯಿತು. ಆ ಏಳು ವಾರ ಓಡಾಡಿದ ಖರ್ಚನ್ನು ನಾನು 100ರಲ್ಲಿ ಸೇರಿಸಿಯೇ ಇಲ್ಲ. ನೀವು ಸೇರಿಸಿಕೊಳ್ಳಿ. ಅನೇಕ ಕಡೆ ಹೊಸ ಇಂಜಿನ್ ನಂಬರನ್ನು ಗಾಡಿಯ ಕಾಗದಪತ್ರದಲ್ಲಿ ಬರೆಸಬೇಕಾಗುತ್ತದೆ, ಆ ಅಲೆದಾಟವೂ ಇರುತ್ತದೆ.

ಇನ್ನು ಫುಲ್ ಇಂಜಿನ್. ಈ ಸಲ ಬುದ್ಧಿ ಬಂದಿತ್ತು, ಮೊದಲು ಕಂಪ್ರೆಷನ್ ನೋಡಿಸಿದೆ. ಮೂರು ಸಿಲಿಂಡರ್ 150 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು, ಮೂರನೆಯ ಸಿಲಿಂಡರ್ ಬರೀ 95. ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 135ಕ್ಕೆ ಏರಿತು. ಆಯಿಲ್ ಸ್ವಲ್ಪ ಹೊತ್ತು ರಿಂಗ್ ಸುತ್ತಲಿನ ಸಂದಿ ಮುಚ್ಚುತ್ತದೆ, ಅದಕ್ಕೇ ಏರಿಕೆ. ಏರದೇ ಇದ್ದಿದ್ದರೆ ತೊಂದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಇರುತ್ತಿತ್ತು. ಇದು ಅರ್ಧ ಗಂಟೆಯ ಕೆಲಸ, ಖರ್ಚು ಇಲ್ಲವೆನ್ನುವಷ್ಟು ಕಮ್ಮಿ. ಹಾಫ್ ಇಂಜಿನ್‌ಗೆ ಮುಂಚೆಯೇ ಮಾಡಿಸಬೇಕಿತ್ತು ಅಲ್ವಾ!

ಬಿಡಿಭಾಗಕ್ಕೆ 35, ಲೇತ್ ಕೆಲಸಕ್ಕೆ 15, ಕೂಲಿಗೆ 25 ಅಂತ ಬರೆದಿಟ್ಟುಕೊಂಡೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಆ 15ರಲ್ಲೇ ಮುಗಿದವು. ನಾನು ಎಡವಿದ್ದು ಬಿಡಿಭಾಗದಲ್ಲಿ. ಇಂಜಿನ್ ಇಳಿಸುವ ಮುಂಚೆಯೇ, ರಿಯಾಯಿತಿ ಸಿಕ್ಕಿತು ಅಂತ, ಸ್ಟ್ಯಾಂಡರ್ಡ್ ಸೈಜಿನ ಪಿಸ್ಟನ್ ಸೆಟ್ ತಂದಿಟ್ಟೆ. ಲೇತ್‌ನವರು ಅಳೆದರು. 0.25 ಮಿಲಿಮೀಟರ್ ದೊಡ್ಡದು ಮಾಡಿದರೂ ಮೂರನೆಯ ಬೋರಿನ ಗೀರು ಹೋಗುವುದಿಲ್ಲ, 0.50ಕ್ಕೇ ಹೋಗಬೇಕು ಅಂದರು. ಒಂದಕ್ಕೆ ಮಾತ್ರ ದೊಡ್ಡ ಪಿಸ್ಟನ್ ಹಾಕಿದರೆ ತೂಕ ಹೊಂದುವುದಿಲ್ಲ, ಹಾಗಾಗಿ ನಾಲ್ಕಕ್ಕೂ 0.50. ತಂದಿಟ್ಟ ಸೆಟ್ಟನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. 8 ಹೋಯಿತು. ಆ ಡಬ್ಬಿ ಈಗಲೂ ಮಂಚದ ಕೆಳಗಿದೆ. ಗುಡಿಸುವಾಗಲೆಲ್ಲ ಪೊರಕೆ ತಗುಲಿ ಠಣ್ ಅನ್ನುತ್ತದೆ, ಆಗೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಬೇರಿಂಗ್ ಕಥೆಯೂ ಇದೇ. ಕ್ರ್ಯಾಂಕ್ ಗ್ರೈಂಡ್ ಆಗಿ ಸಣ್ಣದಾದ ಮೇಲೆಯೇ ಆ ಅಳತೆಗೆ ಹೊಂದುವ ಯಾವ ಅಂಡರ್‌ಸೈಜ್ ಬೇರಿಂಗ್ ಬೇಕು ಅಂತ ಗೊತ್ತಾಗುವುದು. ಅಷ್ಟರಲ್ಲಿ ಬುದ್ಧಿ ಬಂದಿತ್ತು, ಕಾದೆ.

ಉಳಿದ ಹೆಚ್ಚುವರಿ ಹೀಗೆ: ಗೇರ್‌ಬಾಕ್ಸ್ ಹೇಗೂ ಇಳಿದಿದೆ ಅಂತ ಕ್ಲಚ್ ಪ್ಲೇಟ್‌ಗೆ 6, ಸಡಿಲವಾಗಿದ್ದ ವಾಲ್ವ್ ಗೈಡ್‌ಗೆ 4, ರೇಡಿಯೇಟರ್ ಬಿಚ್ಚಿ ತೊಳೆಸಿ ಥರ್ಮೋಸ್ಟಾಟ್ ಹಾಕಿಸಿದ್ದಕ್ಕೆ 4, ಎರಡನೇ ಸಲದ ಆಯಿಲ್ ಮತ್ತು ಫಿಲ್ಟರ್‌ಗೆ 3. ರೇಡಿಯೇಟರ್ ಖರ್ಚನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಂಜಿನ್ ಕಾದು ಹಾಳಾಗಿದ್ದರೆ, ಕಾಯಿಸಿದ ಕಾರಣವನ್ನು ಹಾಗೇ ಬಿಟ್ಟು ಹೊಸ ಪಿಸ್ಟನ್ ಹಾಕುವುದು ಯಾವ ಲೆಕ್ಕ? ಎರಡನೇ ಆಯಿಲ್ ಕೂಡ ಹಾಗೇ. 800 ಕಿಲೋಮೀಟರಿಗೆ ಹಳೆಯ ಆಯಿಲ್ ಬಿಟ್ಟಾಗ ಬಿಸಿಲಿನಲ್ಲಿ ಸಣ್ಣ ಸಣ್ಣ ಮಿಂಚು ಕಂಡವು. ಹೊಸ ರಿಂಗ್ ಮತ್ತು ಬೋರ್ ಒಂದಕ್ಕೊಂದು ಉಜ್ಜಿ ಕೂರುವಾಗ ಉದುರಿದ ಲೋಹದ ಪುಡಿ ಅದು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ದುಡ್ಡನ್ನು ಎರಡು ಪಾಲು ಮಾಡಿ. ಒಂದು ಬಿಚ್ಚಿ ಅಳೆಯುವವರೆಗೆ, ಇನ್ನೊಂದು ಅಳತೆ ಕೈಗೆ ಬಂದ ಮೇಲೆ. ಮೊದಲ ಪಾಲು ಚಿಕ್ಕದು, ಅದು ಮುಗಿಯುವವರೆಗೆ ಒಂದು ರಿಂಗನ್ನೂ ಕೊಳ್ಳಬೇಡಿ. ಫುಲ್ ಇಂಜಿನ್ ಆದರೆ ಅಂದಾಜಿನ ಮೇಲೆ ಮೂರನೇ ಒಂದು ಭಾಗ ಕೈಯಲ್ಲಿರಲಿ, ನನಗೆ ಬೇಕಾದದ್ದು ಸರಿಯಾಗಿ ಅಷ್ಟೇ. ಬ್ಲಾಕ್ ಒಡೆದಿದ್ದರೆ, ಇಲ್ಲವೇ ಒಂದೆರಡು ವರ್ಷದಲ್ಲಿ ಕಾರು ಮಾರುವ ಯೋಚನೆ ಇದ್ದರೆ ಸೆಕೆಂಡ್ ಹ್ಯಾಂಡ್ ಇಂಜಿನ್ನೇ ಸರಿ. ಹಳೇ ಕಾರಿಗೆ ಫುಲ್ ಇಂಜಿನ್ ಮಾಡಿಸಿದರೆ ಮೂಗಿಗಿಂತ ಮೂಗುತಿ ಭಾರ ಆಗಬಹುದು. ನನಗೆ ಆಗಿದೆ. ಕಾರಿನ ಮೇಲೆ ಪ್ರೀತಿ ಇತ್ತು, ಮಾಡಿಸಿದೆ.

ಅಣ್ಣನ ಇಂಜಿನ್ ಈಗ 1,000 ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ತಿನ್ನುತ್ತಿದೆ. ನನ್ನದು ಹನಿಯೂ ಕೇಳುವುದಿಲ್ಲ. ಮೊನ್ನೆ ಅದನ್ನೇ ಹೇಳಿ ಸ್ವಲ್ಪ ಬೀಗಿದೆ. 'ನಿನ್ನ 138ರಲ್ಲಿ ನನ್ನ 71 ಕಳೆದು ನೋಡು, ಎಷ್ಟು ಡಬ್ಬಿ ಆಯಿಲ್ ಬರುತ್ತೆ ಅಂತ' ಅಂದ. ಅವನು ಮುಂದಿನ ವರ್ಷ ಕಾರು ಮಾರುತ್ತಾನಂತೆ.