ಗ್ನೋಮ್ ಮೊನೊಸೂಪಾಪ್ ಇಂಜಿನ್ ರಿವ್ಯೂ: ಕಾರ್ಬೊರೇಟರೂ ಇಲ್ಲ, ಥ್ರಾಟಲ್ಲೂ ಇಲ್ಲ

ಬೈಕ್ ಕಾರು ರಿವ್ಯೂ ಬರೆಯೋರು ಬೇಕಾದಷ್ಟು ಜನ ಇದಾರೆ, ನಾನು 1913ರ ಒಂದು ವಿಮಾನದ ಇಂಜಿನ್ ಹಿಡ್ಕೊಂಡಿದೀನಿ. ಫ್ರಾನ್ಸಿನ ಸೆಗ್ಯಾಂ ಅಣ್ಣತಮ್ಮಂದಿರ ಗ್ನೋಮ್ ಕಂಪನಿದು, 9 ಸಿಲಿಂಡರ್, 100 ಹಾರ್ಸ್‌ಪವರ್, 1200 ಆರ್‌ಪಿಎಂ ಆಸುಪಾಸು. ಇದು ರೋಟರಿ ಇಂಜಿನ್. ರೋಟರಿ ಅಂದ ತಕ್ಷಣ ಮಜ್ದಾ ಆರ್‌ಎಕ್ಸ್-8 ಅಂದ್ಕೋಬೇಡಿ, ಅದು ಪಿಸ್ಟನ್ನೇ ಇಲ್ಲದ ವಾಂಕೆಲ್ ಇಂಜಿನ್, ಬೇರೆ ಜಾತಿ. ಇದ್ರಲ್ಲಿ ಮಾಮೂಲಿ ಪಿಸ್ಟನ್ನೇ, ಆದ್ರೆ ಕ್ರ್ಯಾಂಕ್‌ಶಾಫ್ಟನ್ನ (ಬೇರೆ ಇಂಜಿನ್‌ಗಳಲ್ಲಿ ಪಿಸ್ಟನ್‌ಗಳು ತಿರುಗಿಸೋ ದಂಡ) ವಿಮಾನಕ್ಕೆ ಬೋಲ್ಟ್ ಹೊಡೆದು ಅಲ್ಲಾಡದ ಹಾಗೆ ಕೂರಿಸಿರ್ತಾರೆ, ಸಿಲಿಂಡರ್ ಸಮೇತ ಮಿಕ್ಕಿದ್ದೆಲ್ಲ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತೆ. ಆಗಿನ ವಿಮಾನಗಳು ನಿಧಾನ, ಗಾಳಿ ಸಾಲ್ತಿರಲಿಲ್ಲ, ಇಂಜಿನ್ನೇ ತಿರುಗಿದ್ರೆ ತಣ್ಣಗಿರುತ್ತೆ, ಓಟ ಒಂದೇ ಸಮ ಇರಲಿ ಅಂತ ಹಾಕೋ ಭಾರದ ಚಕ್ರ, ಫ್ಲೈವೀಲೂ ಬೇಡ.

ಸರಿ, ತಿರುಗ್ತಾ ಇರೋ ಇಂಜಿನ್ ಒಳಗೆ ಪೆಟ್ರೋಲ್ ಹೋಗೋದು ಹೇಗೆ? ನಿಂತಿರೋದು ಕ್ರ್ಯಾಂಕ್‌ಶಾಫ್ಟ್ ಒಂದೇ, ಅದು ಟೊಳ್ಳು. ಟ್ಯಾಂಕಿಗೆ ಗಾಳಿ ಪ್ರೆಷರ್ ಕೊಟ್ಟು ಆ ಟೊಳ್ಳಿನೊಳಗಿನ ಪೈಪಿನಿಂದ ಪೆಟ್ರೋಲನ್ನ ಸೀದಾ ಕ್ರ್ಯಾಂಕ್‌ಕೇಸ್ (ಸಿಲಿಂಡರ್‌ಗಳ ನಡುವಿನ ಡಬ್ಬಿ) ಒಳಗೆ ನಾಝಲ್ಲಿಂದ ಚಿಮ್ಮಿಸ್ತಾರೆ, ಅದೇ ದಾರೀಲಿ ಚೂರು ಗಾಳಿನೂ ಬರುತ್ತೆ, ಅಷ್ಟೇ, ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಇಲ್ಲ. ಒಳಗಡೆ ಮಿಕ್ಸ್ಚರ್ ಎಷ್ಟು ರಿಚ್, ಅಂದ್ರೆ ಗಾಳಿಗಿಂತ ಪೆಟ್ರೋಲ್ ಪಾಲು ಎಷ್ಟು ಜಾಸ್ತಿ ಅಂದ್ರೆ ಬೆಂಕಿನೇ ಹತ್ತಲ್ಲ, ಬೇಕಂತಲೇ ಹಾಗೆ ಮಾಡಿರೋದು.

ಇಲ್ಲಿಂದ ಮುಂದಿನ ಕೆಲಸ ನಂಗೆ ಬಹಳ ಇಷ್ಟ. ಮೊನೊಸೂಪಾಪ್ ಅಂದ್ರೆ ಫ್ರೆಂಚಲ್ಲಿ ಒಂದೇ ವಾಲ್ವ್, ಹೆಸರಿಗೆ ತಕ್ಕ ಹಾಗೆ ಸಿಲಿಂಡರಿಗೆ ಒಂದೇ ವಾಲ್ವ್, ತಲೆ ಮೇಲೆ. ಪವರ್ ಸ್ಟ್ರೋಕ್ ಮುಗಿಯೋಕೆ ಮುಂಚೆನೇ ಅದು ತೆರ್ಕೊಂಡು ಹೊಗೆ ಬಿಡುತ್ತೆ, ಆಮೇಲೆ ಪಿಸ್ಟನ್ ಮೇಲೆ ಹೋಗಿ ಮತ್ತೆ ಕೆಳಗಿಳಿಯೋಕೆ ಶುರು ಮಾಡಿದ್ರೂ ಮುಚ್ಚಲ್ಲ, ಅದೇ ಬಾಯಲ್ಲಿ ಹೊರಗಿನ ಗಾಳಿ ಎಳ್ಕೊಳ್ಳುತ್ತೆ, ಅರ್ಧದಾರೀಲಿ ಮುಚ್ಚುತ್ತೆ, ಪಿಸ್ಟನ್ ಇನ್ನೂ ಇಳೀತಿದ್ರೆ ಒಳಗೆ ವ್ಯಾಕ್ಯೂಮ್ ಆಗುತ್ತೆ, ಕೊನೆಗೆ ತಳದಲ್ಲಿ ಸಿಲಿಂಡರ್ ಗೋಡೆಯ ತೂತುಗಳು ಬಯಲಾಗಿ ಕ್ರ್ಯಾಂಕ್‌ಕೇಸಿನ ರಿಚ್ ಮಿಕ್ಸ್ಚರ್ ಒಳಗೆ ನುಗ್ಗುತ್ತೆ, ಗಾಳಿ ಜೊತೆ ಬೆರೆತು ಆವಾಗ ಉರಿಯೋ ಹದಕ್ಕೆ ಬರುತ್ತೆ. ಟೂ ಸ್ಟ್ರೋಕ್ ಬೈಕ್ ಯಮಹಾ ಆರ್‌ಎಕ್ಸ್100 ಬಿಚ್ಚಿದೋರಿಗೆ ಆ ತೂತುಗಳು ಟ್ರಾನ್ಸ್‌ಫರ್ ಪೋರ್ಟ್ ಥರಾನೇ ಕಾಣುತ್ತೆ, ಆದ್ರೆ ಇದು ಫೋರ್ ಸ್ಟ್ರೋಕ್. ವಾಲ್ವ್ ಅಷ್ಟು ಬೇಗ ತೆರೆಯೋದಕ್ಕೂ ಕಾರಣ ಇದೆ: ಆ ತೂತುಗಳು ಬಯಲಾಗೋ ಹೊತ್ತಿಗೆ ಪ್ರೆಷರ್ ಇಳಿದಿರಬೇಕು, ಇಲ್ಲಾಂದ್ರೆ ಬೆಂಕಿ ಕ್ರ್ಯಾಂಕ್‌ಕೇಸಿಗೇ ಹೋಗುತ್ತೆ. ಹಿಂದಿನ ಗ್ನೋಮ್ ಮಾಡೆಲ್‌ಗಳಲ್ಲಿ ಇನ್‌ಲೆಟ್ ವಾಲ್ವ್ ಪಿಸ್ಟನ್ ತಲೆಯೊಳಗೇ ಇರ್ತಿತ್ತು, ಅದು ಕೆಟ್ರೆ ರಗಳೆನೋ ರಗಳೆ, ಇಲ್ಲಿ ಅದನ್ನ ಕಿತ್ತೇ ಬಿಸಾಕಿದಾರೆ.

ಇದು ಫ್ಯುಯೆಲ್ ಇಂಜೆಕ್ಷನ್ನಾ? ನನ್ ಪ್ರಕಾರ ಅರ್ಧ ಹೌದು. ಚಿಮ್ಮಿಸೋದು ನಿಜ, ಆದ್ರೆ ಸ್ಟ್ರೋಕಿಗೆ ಇಷ್ಟು ಅಂತ ಅಳತೆ ಇಲ್ಲ, ಸುಮ್ನೆ ಸುರೀತಾನೇ ಇರುತ್ತೆ. ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಅಳೆದು ಕೊಡೋ ಕಂಪ್ಯೂಟರ್, ಇಸಿಯು, ಇಲ್ಲಿ ಯಾರು ಅಂದ್ರೆ ಪೈಲಟ್ಟೇ. ಪೆಟ್ರೋಲ್ ಲಿವರ್ ಅವನ ಕೈಲಿ, ಮೇಲೆ ಹೋದಂಗೆ ಗಾಳಿ ತೆಳುವಾಗುತ್ತೆ, ಅವನೇ ಕಮ್ಮಿ ಮಾಡ್ಬೇಕು, ಮರೆತ್ರೆ ಇಂಜಿನ್ ಮುಕ್ಕರಿಸುತ್ತೆ, ಮತ್ತೆ ಯುದ್ಧದಲ್ಲಿ ಎದುರುಗಡೆ ಮಷಿನ್ ಗನ್ ಹೊಡೀತಿರೋನು ಬೇರೆ ಇರ್ತಾನೆ.

ದೊಡ್ಡ ಮೈನಸ್, ಸ್ಪೀಡ್ ಕಮ್ಮಿ ಮಾಡೋಕೆ ಥ್ರಾಟಲ್ ಇಲ್ಲ. ಲ್ಯಾಂಡಿಂಗಲ್ಲಿ ಬಟನ್ ಒತ್ತಿ ಸ್ಪಾರ್ಕ್ ಕಟ್ ಮಾಡ್ಬೇಕು, ಬಿಟ್ರೆ ಮತ್ತೆ ಫುಲ್ ಪವರ್, ವ್ರೂಂ... ಸೈಲೆಂಟ್... ವ್ರೂಂ. ಸ್ಪಾರ್ಕ್ ಇಲ್ಲದಾಗ್ಲೂ ಪೆಟ್ರೋಲ್ ಬರ್ತಾನೇ ಇರುತ್ತಲ್ಲ, ಅದು ಉರೀದೆ ಕೌಲಿಂಗ್ (ಇಂಜಿನ್ ಮೇಲಿನ ಕವಚ) ಒಳಗೆ ಸೇರ್ಕೊಳ್ಳುತ್ತೆ, ಬಟನ್ ಬಿಟ್ಟಾಗ ಭಗ್ ಅಂತ ಹತ್ಕೊಳ್ಳೋ ಚಾನ್ಸ್. ಆಮೇಲೆ ಬಂದ 160 ಹಾರ್ಸ್‌ಪವರ್ 9ಎನ್ ಮಾಡೆಲ್‌ನಲ್ಲಿ ನಡುನಡುವೆ ಸ್ಪಾರ್ಕ್ ತಪ್ಪಿಸಿ ಪವರ್ ಇಳಿಸೋ ಸೆಲೆಕ್ಟರ್ ಸ್ವಿಚ್ ಕೊಟ್ರು, ಕಾಯಿಲೆ ಪೂರ್ತಿ ಹೋಗ್ಲಿಲ್ಲ. 1918ರಲ್ಲಿ ಅಮೆರಿಕದೋರು ಹಾರಿಸಿದ ನ್ಯೂಪೋರ್ 28ಗೆ ಇದೇ ಇಂಜಿನ್, ಅದು ಬೆಂಕಿಗೆ ಕುಖ್ಯಾತ, ವೈಬ್ರೇಷನ್ನಿಗೆ ಪೆಟ್ರೋಲ್ ಪೈಪ್ ಬೇರೆ ಬಿರುಕು ಬಿಡ್ತಿತ್ತು.

ಆಯಿಲ್ ಬಗ್ಗೆ ಹೇಳ್ಲೇಬೇಕು. ಕ್ರ್ಯಾಂಕ್‌ಕೇಸ್ ತುಂಬ ಪೆಟ್ರೋಲ್ ಇರೋದ್ರಿಂದ ಮಾಮೂಲಿ ಮಿನರಲ್ ಆಯಿಲ್ ತೊಳ್ಕೊಂಡು ಹೋಗುತ್ತೆ, ಅದಕ್ಕೆ ಪೆಟ್ರೋಲಲ್ಲಿ ಸುಲಭಕ್ಕೆ ಕರಗದ ಹರಳೆಣ್ಣೆ! ಹೌದು, ಅಜ್ಜಿ ಮೂಗು ಹಿಡಿದು ಕುಡಿಸ್ತಿದ್ದ ಅದೇ ಹರಳೆಣ್ಣೆ. ವಾಪಸ್ ಬರೋ ಮಾತಿಲ್ಲ, ಒಂದ್ಸಲ ಓಡಾಡಿ ಹೊಗೆ ಜೊತೆ ಆಚೆ, ಪೈಲಟ್ ಮುಖಕ್ಕೂ ಅಭಿಷೇಕ. ಕ್ಯಾಸ್ಟ್ರಾಲ್ ಅನ್ನೋ ಹೆಸರೂ ಕ್ಯಾಸ್ಟರ್ ಆಯಿಲ್‌ನಿಂದಲೇ ಬಂದಿದ್ದು.

ನ್ಯೂಜಿಲೆಂಡಲ್ಲಿ ಈ 100 ಹಾರ್ಸ್‌ಪವರ್ ಗ್ನೋಮನ್ನ ಹೊಸದಾಗಿ ಮಾಡಿದಾರೆ, ಹಳೇ ವಿಮಾನದ ಹುಚ್ಚಿರೋರಿಗೆ. ಡಿಸೈನ್‌ಗೆ ನನ್ ಕಡೆಯಿಂದ ಐದಕ್ಕೆ ಐದು, ದಿನಾ ಓಡಿಸೋಕೆ ಒಂದು, ಅದೂ ಸೌಂಡಿಗೆ. ನೀವೇ ಕೂತು ಹಾರಿಸೋದಾದ್ರೆ ಮಾತ್ರ ಕಾರ್ಬೊರೇಟರ್ ಇರೋ ಅದೇ ಕಾಲದ ಇನ್ನೊಂದು ರೋಟರಿ ಇಂಜಿನ್ ಲ ರೋನ್ ತಗೊಳ್ಳಿ, ಅದು ಸ್ವಲ್ಪನಾದ್ರೂ ಹೇಳಿದ ಮಾತು ಕೇಳುತ್ತೆ.